ವೇಗ ಇಳಿಸಿದರೂ ಅಲೆ ಏರಿದ್ದೇಕೆ? ಒಂದು ಸರೋವರದ ಪ್ರಕರಣ

ಈ ಪ್ರಕರಣದಲ್ಲಿ ಸರೋವರಕ್ಕೆ ಹೆಸರಿಲ್ಲ, ಜನರಿಗೂ ಇಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಅದಲುಬದಲು ಮಾಡಲಾಗಿದೆ. ಆದರೆ ನೀರಿನ ಆಳ, ದೋಣಿಯ ಉದ್ದ, ವೇಗ ಈ ಮೂರನ್ನು ಮುಟ್ಟಿಲ್ಲ. ಇಡೀ ಪ್ರಕರಣ ನಿಂತಿರುವುದೇ ಅವುಗಳ ಮೇಲೆ. ಸರೋವರ ಸಮಿತಿಯ ಕಡತಗಳನ್ನು ಓದಿ, ಸಂಬಂಧಪಟ್ಟವರ ಜೊತೆ ಮಾತಾಡಿ, ಮುಖ್ಯ ಪರೀಕ್ಷೆ ನಡೆದಾಗ ದಡದಲ್ಲಿ ನಿಂತು ನೋಡಿ ಇದನ್ನು ಬರೆದಿದ್ದೇನೆ.

ಹಿನ್ನೆಲೆ

ಸರೋವರ ಸುಮಾರು 4 ಕಿ.ಮೀ. ಉದ್ದ. ನಡುಭಾಗ ಅಗಲವಾಗಿಯೂ ಆಳವಾಗಿಯೂ ಇದೆ, ಕೆಲವೆಡೆ 14 ಮೀಟರ್ ಇಳಿಯುತ್ತದೆ. ಪಶ್ಚಿಮಕ್ಕೆ ಚಾಚಿದ ಒಂದು ತೋಳು ಮಾತ್ರ ಬೇರೆಯೇ ಲೋಕ. ಬೇಸಿಗೆಯಲ್ಲಿ ಅಲ್ಲಿ ಎಲ್ಲೂ 2 ಮೀಟರ್ ದಾಟದ ನೀರು, ಎರಡೂ ಬದಿಗೆ ದಟ್ಟ ಜೊಂಡು, ತಳದಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಹೂಳು.

ಗುಳುಮುಳುಕ ಹಕ್ಕಿಗಳು ಮರಿ ಮಾಡುವುದು ಈ ಜೊಂಡಿನಲ್ಲೇ. ಅವುಗಳದ್ದು ತೇಲುವ ಗೂಡು. ಕೊಳೆತ ಎಲೆ, ಕಾಂಡಗಳ ಒದ್ದೆ ರಾಶಿಯೊಂದು ನೀರಿನ ಮಟ್ಟಕ್ಕಿಂತ ಕೆಲವೇ ಬೆರಳು ಮೇಲೆ, ಒಂದೆರಡು ಜೊಂಡಿನ ಕಾಂಡಕ್ಕೆ ಆತುಕೊಂಡಿರುತ್ತದೆ. ಕಾವು ಕೂರುವುದು ಸುಮಾರು ಮೂರು ವಾರ. ಮಳೆ ಬಂದು ನೀರು ಮೆಲ್ಲಗೆ ಏರಿದರೆ ಗೂಡೂ ಜೊತೆಗೆ ಏರುತ್ತದೆ. ಒಮ್ಮೆಲೇ ಬಂದು ಅಪ್ಪಳಿಸುವ ಅಲೆಯನ್ನು ಮಾತ್ರ ಅದು ತಾಳಲಾರದು.

ಎಡವಟ್ಟೇನೆಂದರೆ, ದೋಣಿ ಇಳಿಸುವ ಇಳಿಜಾರೂ ಬಾಡಿಗೆ ದೋಣಿಗಳ ಕಟ್ಟೆಯೂ ಇದೇ ತೋಳಿನ ತುದಿಯಲ್ಲಿವೆ. ದಡ ಸಮತಟ್ಟಾಗಿದ್ದ ಜಾಗ ಅದೊಂದೇ ಆದ್ದರಿಂದ ಕಟ್ಟುವವರಿಗೆ ಅಲ್ಲಿ ಸುಲಭವಾಗಿತ್ತು. ಹೀಗಾಗಿ ಆಳದ ನೀರಿಗೆ ಹೋಗಬೇಕಾದ ಪ್ರತಿಯೊಂದು ಮೋಟಾರು ದೋಣಿಯೂ ಹಕ್ಕಿಗಳ ಮನೆಯಂಗಳವನ್ನು ಹಾದು 1.2 ಕಿ.ಮೀ. ಸಾಗಲೇಬೇಕು, ವಾಪಸು ಬರುವಾಗಲೂ ಅಷ್ಟೇ.

ಬಾಡಿಗೆ ದೋಣಿಗಳು ಸುಮಾರು 6 ಮೀಟರ್ ಉದ್ದದವು, ಹಿಂದೆ ಹೊರಗಡೆ ಸಿಕ್ಕಿಸಿದ ಔಟ್‌ಬೋರ್ಡ್ ಎಂಜಿನ್. ಇವುಗಳ ಜೊತೆಗೆ ಖಾಸಗಿ ದೋಣಿಗಳು, ಕೆಲವು ಹಾಯಿದೋಣಿ, ವಾರಾಂತ್ಯದಲ್ಲಿ ಬಹಳಷ್ಟು ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ. ಅಲೆಯ ಮೇಲೆ ಹಲಗೆ ಸವಾರಿ ಮಾಡಿಸಲೆಂದೇ ಕಟ್ಟಿದ ಭಾರೀ ದೋಣಿಗಳೂ ಒಂದೆರಡು. ಸಮಿತಿಗೆ ವೇಗಮಿತಿ ಹಾಕುವ ಅಧಿಕಾರ ಇತ್ತು, ಆದರೆ ಅದುವರೆಗೆ ಬಳಸಿರಲಿಲ್ಲ. ಫಲಕದಲ್ಲಿ 'ಎಚ್ಚರಿಕೆಯಿಂದ ಚಲಾಯಿಸಿ' ಎಂದಷ್ಟೇ ಇತ್ತು. ಅಂಥ ಫಲಕವನ್ನು ಓದಿ ವೇಗ ಇಳಿಸಿದವರನ್ನು ನಾನಂತೂ ಕಂಡಿಲ್ಲ.

ಸಮಸ್ಯೆ

ಒಂದೇ ಋತುವಿನಲ್ಲಿ ಮೂರು ಕಡೆಯಿಂದ ದೂರು ಬಂತು. ತೋಳಿನ ದಡದ ಮನೆಯವರು ತಮ್ಮ ಅಂಚಿನ ಮಣ್ಣು ಕುಸಿಯುತ್ತಿದೆ ಎಂದರು. ಹಕ್ಕಿ ಗಮನಿಸುವ ಗುಂಪಿನವರು ಗೂಡುಗಳು ಮಗುಚಿ ಮೊಟ್ಟೆ ನೀರುಪಾಲಾದದ್ದರ ಚಿತ್ರ ತಂದರು. ಮೂರನೆಯದು ದೂರಿಗಿಂತ ಹೆಚ್ಚು, ಒಂದು ಅಪಘಾತದ ವರದಿ.

ಆ ದಿನ ಒಂದು ಬಾಡಿಗೆ ದೋಣಿಯಲ್ಲಿ ಐವರಿದ್ದರು. ಮೂವರು ಹಿಂದಿನ ಬೆಂಚಿನಲ್ಲಿ ಒತ್ತಾಗಿ ಕೂತಿದ್ದರು. ತೋಳಿನ ಮಧ್ಯದಲ್ಲಿ ಚಾಲಕ ವೇಗ ಹೆಚ್ಚಿಸಿದಾಗ ದೋಣಿಯ ಹಿಂಭಾಗ ಕೂತು ಮೂತಿ ಮೇಲೆದ್ದಿತು. ಮುಂದಿನ ನೀರು ಚಾಲಕನಿಗೆ ಕಾಣದಾಯಿತು. ಇಬ್ಬರಿದ್ದ ಕಯಾಕ್ ಒಂದು ನೇರ ಮುಂದಿತ್ತು. ಯಾರೋ ಕೂಗಿದ್ದರಿಂದ ಕೊನೆಯ ಕ್ಷಣದಲ್ಲಿ ಚಾಲಕ ತಿರುಗಿಸಿದ. ಡಿಕ್ಕಿ ತಪ್ಪಿತು, ಆದರೆ ಆ ತಿರುವಿನ ಅಲೆಗೆ ಕಯಾಕ್ ಮಗುಚಿತು.

ಚಳಿಗಾಲ ಆಗಷ್ಟೇ ಮುಗಿದಿತ್ತು, ನೀರು ಕೊರೆಯುವಷ್ಟು ತಣ್ಣಗಿತ್ತು. ತಣ್ಣೀರಿನ ಅಪಾಯ ಕಲಿಸುವವರು 1-10-1 ಎಂಬ ಲೆಕ್ಕ ಹೇಳುತ್ತಾರೆ. ಮೊದಲ 1 ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ, ಮುಂದಿನ 10 ನಿಮಿಷದಷ್ಟೇ ಕೈಕಾಲು ಹೇಳಿದ ಮಾತು ಕೇಳುತ್ತವೆ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಈಜು ಬಲ್ಲವರೂ ಮುಳುಗುವುದು ಬಹುಪಾಲು ಆ ಮೊದಲ ನಿಮಿಷದ ಏದುಸಿರಿನಲ್ಲಿ, ಬಾಯಿ ತೆರೆದಾಗ ನೀರು ಒಳಗೆ ಹೋಗಿ. ಕಯಾಕಿನಲ್ಲಿದ್ದ ಒಬ್ಬರು ಲೈಫ್ ಜಾಕೆಟ್ ತೊಟ್ಟಿದ್ದರು. ಆ ನಿಮಿಷ ಅವರು ಸುಮ್ಮನೆ ತೇಲಿದರು. ಇನ್ನೊಬ್ಬರ ಜಾಕೆಟ್ ಕಯಾಕಿನ ಮೇಲಿನ ಹಗ್ಗಕ್ಕೆ ಸಿಕ್ಕಿಸಿತ್ತು. ಮಗುಚಿದ ಕಯಾಕನ್ನು ತಬ್ಬಿಕೊಂಡದ್ದರಿಂದ ಅವರು ಉಳಿದರು.

ಕಾಪಾಡಲು ಬಂದದ್ದು ಅದೇ ಬಾಡಿಗೆ ದೋಣಿ. ಗಾಬರಿಯಲ್ಲಿದ್ದ ಚಾಲಕ ಎಂಜಿನ್ ಚಾಲೂ ಇಟ್ಟುಕೊಂಡೇ ದೋಣಿಯ ಹಿಂಭಾಗವನ್ನು ನೀರಿನಲ್ಲಿದ್ದವರ ಕಡೆ ತಂದ. ಏಣಿ ಇದ್ದದ್ದು ಹಿಂದೆ, ಪ್ರೊಪೆಲ್ಲರ್ ಇದ್ದದ್ದೂ ಹಿಂದೆ. ದಡದಲ್ಲಿದ್ದ ಮೆಕ್ಯಾನಿಕ್ 'ಎಂಜಿನ್ ಆರಿಸು' ಎಂದು ಕಿರುಚದಿದ್ದರೆ ಈ ಬರಹ ಬೇರೆ ಬಗೆಯದಾಗಿರುತ್ತಿತ್ತು. ಯಾರಿಗೂ ಗಾಯವಾಗಲಿಲ್ಲ.

ಮೊದಲ ತೀರ್ಮಾನ

ಸಮಿತಿ ಸಭೆ ಸೇರಿತು. ಹಕ್ಕಿಯ ಗುಂಪು ಮತ್ತು ಕಯಾಕಿನವರು ಗಂಟೆಗೆ 8 ಕಿ.ಮೀ. ಮೀರಬಾರದು ಎಂದರು. ಬಾಡಿಗೆ ದೋಣಿಯವರು 30 ಇರಲಿ ಎಂದರು. 8ರಲ್ಲಿ ತೋಳು ದಾಟಲು 9 ನಿಮಿಷ ಬೇಕು, ಗಿರಾಕಿಯ ಒಂದು ಗಂಟೆಯಲ್ಲಿ ಹೋಗಿಬರುವುದಕ್ಕೇ 18 ನಿಮಿಷ ಕಳೆದುಹೋಗುತ್ತದೆ ಎಂಬುದು ಅವರ ವಾದ. ಸುಳ್ಳಲ್ಲ.

ಜಗಳ ಎರಡು ಸಭೆಗೆ ಹಬ್ಬಿತು. ಕೊನೆಗೆ ಅಧ್ಯಕ್ಷರು ಇಡೀ ಸರೋವರಕ್ಕೆ 15 ಎಂದು ಸೂಚಿಸಿದರು. ಎರಡೂ ಕಡೆಯವರು ಅರೆಮನಸ್ಸಿನಿಂದ ಒಪ್ಪಿದರು. ನಡಾವಳಿ ಪುಸ್ತಕದಲ್ಲಿ ಈ ಸಂಖ್ಯೆಗೆ ಕಾರಣವೇ ಬರೆದಿಲ್ಲ. ಕೇಳಿದಾಗ ಸಿಕ್ಕ ಉತ್ತರ, 'ನಡುವಿನದ್ದು, ನೆನಪಿಡಲು ಸುಲಭ.' ಚೌಕಾಶಿಯಲ್ಲಿ ನಡುವೆ ನಿಲ್ಲುವುದು ಮನುಷ್ಯರ ನಡುವಿನ ನ್ಯಾಯ. ನೀರು ಆ ಚೌಕಾಶಿಯಲ್ಲಿ ಕೂತಿರಲಿಲ್ಲ.

ಫಲಕ ಬದಲಾಯಿತು. ವಾರಾಂತ್ಯಗಳಲ್ಲಿ ಸ್ವಯಂಸೇವಕರು ವೇಗ ಅಳೆಯುವ ಉಪಕರಣ ಹಿಡಿದು ನಿಂತರು.

ಆಮೇಲೆ ಆದದ್ದು

ಮುಂದಿನ ಋತುವಿನ ಮಧ್ಯದ ಹೊತ್ತಿಗೆ ದಡದ ಮನೆಯವರು ಮತ್ತೆ ಬಂದರು, ಈ ಬಾರಿ ಇನ್ನೂ ಸಿಟ್ಟಿನಿಂದ. ಕುಸಿತ ನಿಂತಿರಲಿಲ್ಲ, ಹೆಚ್ಚಾಗಿತ್ತು. ತೋಳಿನ ನೀರು ಶನಿವಾರ ಮಧ್ಯಾಹ್ನದ ಹೊತ್ತಿಗೆ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಹಕ್ಕಿಯ ಗುಂಪು ಈ ಸಲವೂ ಅದೇ ಚಿತ್ರಗಳನ್ನು ತಂದಿತು.

ಎಲ್ಲರಿಗೂ ಮೊದಲು ಹೊಳೆದ ವಿವರಣೆ ಒಂದೇ: ಜನ ನಿಯಮ ಮುರಿಯುತ್ತಿದ್ದಾರೆ. ದಂಡ ಹಾಕಬೇಕು, ಕ್ಯಾಮೆರಾ ಕೂರಿಸಬೇಕು ಎಂಬ ಗೊತ್ತುವಳಿಯ ಕರಡೂ ಸಿದ್ಧವಾಯಿತು. ಅದು ಅಂಗೀಕಾರವಾಗಿದ್ದರೆ ಪ್ರಕರಣ ಅಲ್ಲಿಗೆ ಹಾಳಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ತಡೆದದ್ದು ಕಾರ್ಯದರ್ಶಿ. ದಂಡದ ಮಾತಾಡುವ ಮೊದಲು ಸ್ವಯಂಸೇವಕರ ವೇಗದ ಪಟ್ಟಿಯನ್ನು ಓದೋಣ ಎಂದರು. ಪಟ್ಟಿ ಹೇಳಿದ್ದು ತಿರುವುಮುರುವು ಸಂಗತಿ. ಹೆಚ್ಚಿನವರು ನಿಯಮ ಪಾಲಿಸುತ್ತಿದ್ದರು. 13, 14, 15. ಮಿತಿಯ ಅಂಚಿಗೆ ತಾಗಿಕೊಂಡು ಹೋಗುತ್ತಿದ್ದರು, ಅಷ್ಟೇ.

ಬಾಡಿಗೆ ಕಟ್ಟೆಯ ಅದೇ ಮೆಕ್ಯಾನಿಕ್ ಸಭೆಯ ಹಿಂದಿನ ಸಾಲಿನಲ್ಲಿದ್ದರು. ಸಮಿತಿಯ ಸದಸ್ಯರಲ್ಲ, ಮತವೂ ಇಲ್ಲ. ಅವರು ಹೇಳಿದ್ದು ಇಷ್ಟು: 'ಮುರಿಯುವವರಿಂದ ಅಲ್ಲ, ಪಾಲಿಸುವವರಿಂದಲೇ ಅಲೆ ಏಳುತ್ತಿದೆ. ಈ ದೋಣಿ 15ರಲ್ಲಿ ಓಡುವುದೂ ಇಲ್ಲ, ನಡೆಯುವುದೂ ಇಲ್ಲ. ನೀರನ್ನು ಉಳುತ್ತದೆ.'

ಕೋಲುಗಳ ಪರೀಕ್ಷೆ

ಅವರ ಮಾತನ್ನು ಕೆಲವರು ಬಾಡಿಗೆಯವರ ತಂತ್ರ ಎಂದುಕೊಂಡರು. ವಾದ ಬೆಳೆಸುವ ಬದಲು ಪರೀಕ್ಷಿಸೋಣ ಎಂದು ಸಮಿತಿ ನಿರ್ಧರಿಸಿದ್ದು ಈ ಪ್ರಕರಣದ ದೊಡ್ಡ ತಿರುವು. ಮರಿಗಳೆಲ್ಲ ಗೂಡು ಬಿಟ್ಟ ಮೇಲೆಯೇ ಪರೀಕ್ಷೆ ಎಂದು ಕಾದದ್ದು ಸಣ್ಣ ವಿವೇಕ, ಆದರೆ ಮರೆಯಬಾರದ್ದು.

ತೋಳಿನಲ್ಲಿ ಜೊಂಡಿನ ಅಂಚಿಗೆ ಬಣ್ಣದ ಗೆರೆ ಎಳೆದ ಕೋಲುಗಳನ್ನು ನೆಟ್ಟರು. ಒಂದೇ ದೋಣಿ, ಒಬ್ಬರೇ ಚಾಲಕ, ನಾಲ್ವರು ಪ್ರಯಾಣಿಕರು ಪ್ರತಿ ಸಲವೂ ಅದೇ ಜಾಗದಲ್ಲಿ. ಕೋಲುಗಳಿಂದ ಒಂದೇ ದೂರದಲ್ಲಿ ಹಾದು ಹೋಗುವುದು, ದಡದಿಂದ ಫೋನಿನಲ್ಲಿ ಚಿತ್ರೀಕರಿಸುವುದು, ಹಿಂದಿನ ಅಲೆ ಪೂರ್ತಿ ಅಡಗುವವರೆಗೆ ಕಾಯುವುದು. ಗಂಟೆಗೆ 7 ಕಿ.ಮೀ.ಯಲ್ಲಿ ನೀರು ಕೋಲಿನ ಮೇಲೆ ಅಲ್ಲಾಡಿತು ಎನ್ನಬಹುದು, ಅಷ್ಟೇ. 28ರಲ್ಲಿ ಅಲೆ ಸ್ಪಷ್ಟವಾಗಿ ಕಂಡಿತು. 15ರಲ್ಲಿ ಎದ್ದ ಅಲೆ 28ರದ್ದಕ್ಕಿಂತ ಎತ್ತರವಾಗಿತ್ತು. ಜೊಂಡಿನೊಳಗೆ ನುಗ್ಗಿ ಮರಳುವಾಗ ಅದು ತಳದ ಹೂಳನ್ನು ಎಳೆದು ತಂದಿತು. ದೋಣಿ ಹೋದ ದಾರಿಯುದ್ದಕ್ಕೂ ಕಂದು ಪಟ್ಟಿ ಮೂಡಿತು. ದಡದಲ್ಲಿದ್ದವರು ಒಂದಷ್ಟು ಹೊತ್ತು ಮಾತಾಡಲಿಲ್ಲ.

ಇದರ ಹಿಂದಿನ ಕಾರಣ ನಿಗೂಢವೇನಲ್ಲ, ದೋಣಿ ಕಟ್ಟುವವರಿಗೆ ಹಳೆಯ ಪಾಠ. ಸಾಗುವ ದೋಣಿ ತನ್ನದೇ ಅಲೆಯನ್ನು ಹುಟ್ಟಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 6 ಮೀಟರ್ ದೋಣಿಯಲ್ಲಿ ನೀರಿಗೆ ತಾಗುವ ಭಾಗ ಸುಮಾರು 5.5 ಮೀಟರ್ ಎಂದುಕೊಂಡರೆ, ಗಂಟೆಗೆ 10-11 ಕಿ.ಮೀ. ವೇಗದಲ್ಲಿ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾಗುತ್ತದೆ. ಅದಕ್ಕಿಂತ ಕೆಳಗೆ ದೋಣಿ ಹಲವು ಸಣ್ಣ ಅಲೆಗಳ ಮೇಲೆ ಸಮತಟ್ಟಾಗಿ ಕೂತಿರುತ್ತದೆ. ಅದಕ್ಕಿಂತ ಮೇಲಕ್ಕೆ ಹೋದರೆ ಹಿಂಭಾಗ ಅಲೆಯ ತಗ್ಗಿಗೆ ಬೀಳುತ್ತದೆ, ಮೂತಿ ತಾನೇ ಎಬ್ಬಿಸಿದ ನೀರಿನ ದಿಬ್ಬವನ್ನು ಹತ್ತಲು ನೋಡುತ್ತದೆ. ಎಂಜಿನ್ನಿನ ಶಕ್ತಿಯೆಲ್ಲ ಆ ದಿಬ್ಬವನ್ನು ಬೆಳೆಸುವುದಕ್ಕೇ ಖರ್ಚು. ಇನ್ನೂ ವೇಗ ಹೆಚ್ಚಿಸಿದರೆ ದೋಣಿ ದಿಬ್ಬ ದಾಟಿ ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ, ಅಲೆ ತಗ್ಗುತ್ತದೆ. ಈ ಅಳತೆಯ ದೋಣಿಗೆ ಅತಿ ಕೆಟ್ಟ ಪಟ್ಟೆ ಹೆಚ್ಚುಕಡಿಮೆ 13ರಿಂದ 16 ಕಿ.ಮೀ.

ತೋಳಿನ ಆಳ ಇದಕ್ಕೆ ಇನ್ನೊಂದು ಪೆಟ್ಟು ಸೇರಿಸಿತು. ಕಡಿಮೆ ಆಳದ ನೀರಿನಲ್ಲಿ ಅಲೆ ಎಷ್ಟು ವೇಗವಾಗಿ ಸಾಗಬಹುದು ಎಂಬುದಕ್ಕೆ ಮೇಲ್ಮಿತಿ ಇದೆ, ಅದನ್ನು ಆಳವೇ ನಿರ್ಧರಿಸುತ್ತದೆ. 1.8 ಮೀಟರ್ ಆಳದಲ್ಲಿ ಆ ಮೇಲ್ಮಿತಿ ಗಂಟೆಗೆ ಸುಮಾರು 15 ಕಿ.ಮೀ. ದೋಣಿಯೂ ಅದೇ ವೇಗದಲ್ಲಿ ಹೋದರೆ ಅಲೆಗೆ ದೋಣಿಯಿಂದ ದೂರ ಓಡಿ ಚದುರಲು ಆಗುವುದಿಲ್ಲ. ಶಕ್ತಿ ಒಂದೇ ಕಡೆ ಪೇರುತ್ತಾ ಹೋಗುತ್ತದೆ. ಅಂದರೆ ಸಮಿತಿ ಆರಿಸಿದ ಸಂಖ್ಯೆ ಆ ದೋಣಿಗಳಿಗೂ ಕೆಟ್ಟದ್ದು, ಆ ತೋಳಿಗೂ ಕೆಟ್ಟದ್ದು. ಅಲೆಯ ಎತ್ತರ ಎರಡು ಪಟ್ಟಾದರೆ ಅದು ದಡಕ್ಕೆ ತಂದು ಸುರಿಯುವ ಶಕ್ತಿ ನಾಲ್ಕು ಪಟ್ಟು.

ಅಪಘಾತದ ಕಡತವನ್ನು ಮತ್ತೆ ತೆರೆದವರು ಕಾರ್ಯದರ್ಶಿಯೇ. ಅಂದು ಚಾಲಕನ ಕಣ್ಣಿಗೆ ಕಯಾಕ್ ಮರೆಯಾದದ್ದು ಏಕೆ? ಮೂತಿ ಎದ್ದದ್ದರಿಂದ. ಮೂತಿ ಎದ್ದದ್ದು ಇದೇ ಉಳುವ ವೇಗದಲ್ಲಿ, ಹಿಂದೆ ಮೂವರು ಕೂತದ್ದರಿಂದ ಇನ್ನಷ್ಟು. ಗೂಡು ಮಗುಚುವುದು, ದಡ ಕುಸಿಯುವುದು, ಚಾಲಕ ಕುರುಡಾಗುವುದು ಈ ಮೂರಕ್ಕೂ ಬೇರು ಒಂದೇ ಎಂದು ಸಮಿತಿಗೆ ಆಗ ಹೊಳೆಯಿತು. ಅಲ್ಲಿಯವರೆಗೆ ಸುರಕ್ಷತೆಗೊಂದು ಉಪಸಮಿತಿ, ಪರಿಸರಕ್ಕೊಂದು ಉಪಸಮಿತಿ, ಎರಡೂ ಪರಸ್ಪರ ಸಂಶಯದಲ್ಲೇ ಕೆಲಸ ಮಾಡುತ್ತಿದ್ದವು.

ಎರಡನೆಯ ತೀರ್ಮಾನ

ಪರೀಕ್ಷೆಯ ಫಲಿತಾಂಶ ಹೊರಬಿದ್ದ ಕೂಡಲೇ ಅದರ ದುರುಪಯೋಗವೂ ಶುರುವಾಯಿತು. '28ರಲ್ಲಿ ಅಲೆ ಕಡಿಮೆ ಎಂದಾಯಿತಲ್ಲ, ಮಿತಿಯನ್ನೇ ತೆಗೆಯಿರಿ' ಎಂದು ಕೆಲವು ಖಾಸಗಿ ದೋಣಿಯವರು ಪತ್ರ ಬರೆದರು. ಕಯಾಕಿನವರ ಪರವಾಗಿ ಮಾತಾಡಿದ ನಿವೃತ್ತ ಶಿಕ್ಷಕಿಯೊಬ್ಬರ ಉತ್ತರ ಚಿಕ್ಕದಾಗಿತ್ತು: 7ರ ದೋಣಿ ತಾಗುವುದಕ್ಕೂ 28ರ ದೋಣಿ ತಾಗುವುದಕ್ಕೂ ವ್ಯತ್ಯಾಸ ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು, ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಜೊತೆಗೆ 28ಕ್ಕೆ ಏರುವ ಪ್ರತಿಯೊಂದು ದೋಣಿಯೂ 15ನ್ನು ದಾಟಿಯೇ ಏರಬೇಕು, ಇಳಿಯುವಾಗಲೂ ಅದನ್ನೇ ದಾಟಬೇಕು.

ಈ ಎರಡನೆಯ ಮಾತಿನಿಂದಲೇ ಹೊಸ ನಿಯಮ ಹುಟ್ಟಿತು. ಸರೋವರಕ್ಕೆಲ್ಲ ಒಂದೇ ಸಂಖ್ಯೆ ಎಂಬುದನ್ನು ಕೈಬಿಟ್ಟರು. ಪಶ್ಚಿಮದ ತೋಳಿನಲ್ಲಿ ಮತ್ತು ಎಲ್ಲೆಡೆ ದಡದಿಂದ 60 ಮೀಟರ್ ಒಳಗೆ ನಡಿಗೆಯ ವೇಗ, 8ಕ್ಕಿಂತ ಕಡಿಮೆ. ನಡುವಿನ ಆಳದ ನೀರಿನಲ್ಲಿ ಜಾರುವ ವೇಗಕ್ಕೆ ಅವಕಾಶ, ಆದರೆ ಎಲ್ಲರೂ ದಡವನ್ನು ಬಲಕ್ಕಿಟ್ಟುಕೊಂಡು ಒಂದೇ ದಿಕ್ಕಿನಲ್ಲಿ ಸುತ್ತಬೇಕು. ವೇಗ ಏರಿಸುವುದೂ ಇಳಿಸುವುದೂ ಈ ಗಡಿ ತೋರಿಸುವ ತೇಲುಗುರುತುಗಳ ಆಚೆಗಷ್ಟೇ, ಉಳುವ ಹಂತದಲ್ಲಿ ಕಾಲ ಕಳೆಯದೆ. ಎದುರುಬದುರಾದಾಗ ಇಬ್ಬರೂ ಬಲಕ್ಕೆ ಸರಿಯುವುದು, ದಾರಿ ಅಡ್ಡಹಾಯುವಾಗ ಬಲಗಡೆಯಿಂದ ಬರುವ ದೋಣಿಗೆ ದಾರಿ ಬಿಡುವುದು, ಹಿಂದಿಕ್ಕುವವರೇ ದೂರ ಸರಿಯುವುದು ಇವೆಲ್ಲ 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲೇ ಇವೆ. ಅವುಗಳನ್ನು ಹೊಸದಾಗಿ ಕಂಡುಹಿಡಿಯುವ ಉತ್ಸಾಹಕ್ಕೆ ಸಮಿತಿ ಬೀಳದಿದ್ದದ್ದು ಒಳ್ಳೆಯದಾಯಿತು.

ನಿಯಮ ಬರೆದ ಮೇಲೆ ಎದ್ದ ಪ್ರಶ್ನೆ: ಬಾಡಿಗೆ ದೋಣಿಗಳಲ್ಲಿ ವೇಗಮಾಪಕವೇ ಇಲ್ಲ. 8 ಎಂದರೆ ಹೊಸಬರಿಗೆ ಏನು ತಿಳಿಯಬೇಕು? ಮೆಕ್ಯಾನಿಕ್ ಪ್ರತಿ ದೋಣಿಯಲ್ಲಿ ವೇಗ ಏರಿಳಿಸುವ ಥ್ರಾಟಲ್ ಹಿಡಿಯ ಪಕ್ಕದಲ್ಲಿ ಕೆಂಪು ಪಟ್ಟಿ ಅಂಟಿಸಿದರು, ತೋಳಿನಲ್ಲಿ ಹಿಡಿ ಆ ಪಟ್ಟಿಯನ್ನು ದಾಟುವಂತಿಲ್ಲ. ತೇಲುಗುರುತುಗಳ ಮೇಲೆ ಸಂಖ್ಯೆಯ ಬದಲು ಹೀಗೆ ಬರೆಸಿದರು: 'ಹಿಂದೆ ತಿರುಗಿ ನೋಡಿ. ನೊರೆ ಕಂಡರೆ ವೇಗ ಹೆಚ್ಚು.' ಇದರಲ್ಲಿ ಇನ್ನೊಂದು ಜಾಣತನವಿದೆ. ದೋಣಿಯಲ್ಲಿ ಜನ ಹೆಚ್ಚಾದರೆ, ಭಾರ ಹಿಂದಕ್ಕೆ ಸರಿದರೆ ಅದೇ ವೇಗದಲ್ಲೂ ಅಲೆ ಹೆಚ್ಚುತ್ತದೆ. ಸಂಖ್ಯೆಯ ಮಿತಿಗೆ ಅದು ಗೊತ್ತಾಗುವುದಿಲ್ಲ, ನೊರೆಗೆ ಗೊತ್ತಾಗುತ್ತದೆ.

ಆದರೂ ಬಾಡಿಗೆಯವರ 18 ನಿಮಿಷದ ಅಳಲು ಹಾಗೇ ಉಳಿದಿತ್ತು. ಅದನ್ನು ಬಗೆಹರಿಸದೆ ನಿಯಮ ನಿಲ್ಲುವುದಿಲ್ಲ ಎಂದು ಕಾರ್ಯದರ್ಶಿಗೆ ತಿಳಿದಿತ್ತು. ಗಡಿಯಾರ ಓಡುತ್ತಿರುವ ಗಿರಾಕಿ ತೋಳಿನಲ್ಲಿ ಹಿಡಿಯನ್ನು ತಳ್ಳಿಯೇ ತಳ್ಳುತ್ತಾನೆ, ಕೆಂಪು ಪಟ್ಟಿ ಇರಲಿ ಬಿಡಲಿ. ಪರಿಹಾರ ಸರಳವಾಗಿತ್ತು. ಬಾಡಿಗೆಯ ಸಮಯವನ್ನು ಕಟ್ಟೆಯಿಂದ ಎಣಿಸದೆ, ತೋಳು ದಾಟುವ 18 ನಿಮಿಷವನ್ನು ಎಲ್ಲರಿಗೂ ಬಿಟ್ಟುಕೊಡುವುದು. ಪ್ರತಿಯಾಗಿ ಸಮಿತಿ ಕಟ್ಟೆಯ ಬಳಕೆಯ ಶುಲ್ಕದಲ್ಲಿ ಒಂದಂಶ ಇಳಿಸಿತು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ತೀರ್ಮಾನ ಇದು ಎಂದು ನನಗನ್ನಿಸುತ್ತದೆ. ಇದರಲ್ಲಿ ಹಕ್ಕಿಯ ಮಾತೂ ಇಲ್ಲ, ಅಲೆಯ ಮಾತೂ ಇಲ್ಲ.

ಹಲಗೆ ಸವಾರಿಯ ದೋಣಿಗಳ ವಿಷಯ ಕಹಿಯಾಗಿ ಮುಗಿಯಿತು. ಅವು ಬೇಕೆಂದೇ ನೀರು ತುಂಬಿಕೊಂಡು ಭಾರವಾಗಿ, ಬೇಕೆಂದೇ ಉಳುವ ವೇಗದಲ್ಲೇ ಸಾಗುತ್ತವೆ. ಅಲೆ ಎಬ್ಬಿಸುವುದೇ ಅವುಗಳ ಕೆಲಸ. ಸಾಮಾನ್ಯ ದೋಣಿಯ ಅಲೆ 200 ಅಡಿ ದೂರದಲ್ಲಿ ತಗ್ಗುವ ಮಟ್ಟಕ್ಕೆ ಇವುಗಳ ಅಲೆ ತಗ್ಗಲು 500 ಅಡಿಗಿಂತ ಹೆಚ್ಚು ದೂರ ಬೇಕು ಎಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ 2022ರ ಅಧ್ಯಯನ ಹೇಳಿತ್ತು. ಅಷ್ಟು ದೂರವನ್ನು ಎರಡೂ ದಡದಿಂದ ಬಿಟ್ಟರೆ ಈ ಸರೋವರದಲ್ಲಿ ಉಳಿಯುವುದು ನಡುವಿನ ಒಂದು ಪಟ್ಟಿ. ಅದನ್ನೇ ಕೊಟ್ಟರು. ಒಬ್ಬ ಮಾಲೀಕರು ಒಪ್ಪಿದರು, ಇನ್ನೊಬ್ಬರು ದೋಣಿ ತೆಗೆದುಕೊಂಡು ಬೇರೆ ಸರೋವರಕ್ಕೆ ಹೋದರು. ಆ ಸರೋವರದ ಹಕ್ಕಿಗಳ ಗತಿ ಏನೆಂದು ಈ ಸಮಿತಿಯ ಯಾವ ಕಡತದಲ್ಲೂ ಇಲ್ಲ.

ಜಾಕೆಟ್, ದಾರ, ಸಹಿ

ಅಪಘಾತದ ಮುಂಚೆಯೂ ಬಾಡಿಗೆ ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ ಇತ್ತು, ಸೀಟಿನ ಕೆಳಗೆ. ಗಿರಾಕಿಗಳು 'ಸುರಕ್ಷತಾ ಸೂಚನೆ ಓದಿದ್ದೇನೆ' ಎಂದು ಸಹಿಯನ್ನೂ ಹಾಕುತ್ತಿದ್ದರು. ಕಾಗದದ ಮೇಲೆ ಎಲ್ಲ ಸರಿ. ಅಮೆರಿಕದ ಕೋಸ್ಟ್ ಗಾರ್ಡ್ 2022ರ ಮನರಂಜನಾ ದೋಣಿ ಅಪಘಾತಗಳ ಲೆಕ್ಕ ಕೊಟ್ಟಾಗ, ಮುಳುಗಿ ಸತ್ತವರಲ್ಲಿ ಶೇ 85ರಷ್ಟು ಮಂದಿ ಜಾಕೆಟ್ ತೊಟ್ಟಿರಲಿಲ್ಲ. ನೀರಿಗೆ ಬಿದ್ದ ಮೇಲೆ ಜಾಕೆಟ್ ತೊಡುವುದು ಎಷ್ಟು ಕಷ್ಟ ಎಂಬುದನ್ನು ಬೆಚ್ಚಗಿನ ಈಜುಕೊಳದಲ್ಲಿ ಪ್ರಯತ್ನಿಸಿದವರಿಗೂ ಗೊತ್ತು.

ಈಗ ಜಾಕೆಟ್ ತೊಟ್ಟು, ಪಟ್ಟಿ ಬಿಗಿದು, ಸಿಬ್ಬಂದಿ ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿದ ಮೇಲೆಯೇ ದೋಣಿಯ ಕೀಲಿ ಕೈಗೆ ಬರುತ್ತದೆ. ಜಾಕೆಟ್ ಕಿವಿಯವರೆಗೆ ಏರಿದರೆ ಅಳತೆ ದೊಡ್ಡದಾಯಿತು. ಮಕ್ಕಳಿಗೆ ತೊಡೆಸಂದಿನ ಪಟ್ಟಿ ಕಡ್ಡಾಯ. ಹಳೆಯ ದಾಸ್ತಾನಿನಲ್ಲಿ ಹೆಚ್ಚಿನವು 50 ನ್ಯೂಟನ್ ತೇಲುಶಕ್ತಿಯವು. ಅವು ಈಜು ಬಲ್ಲ, ಎಚ್ಚರವಿರುವ ಮನುಷ್ಯನಿಗೆ ನೆರವಷ್ಟೇ, ಪ್ರಜ್ಞೆ ತಪ್ಪಿದವರನ್ನು ಮುಖ ಮೇಲಾಗಿ ತಿರುಗಿಸುವಂಥವಲ್ಲ. ಮೋಟಾರು ದೋಣಿಗಳಿಗೆ 100 ನ್ಯೂಟನ್‌ನವನ್ನು ತಂದು, 50ರವನ್ನು ಕಯಾಕಿನವರಿಗೆ ಉಳಿಸಿದರು, ಹುಟ್ಟು ಹಾಕುವಾಗ ಕೈ ಆಡಿಸಲು ಅವೇ ಅನುಕೂಲ. ಚಾಲಕ ಬಿದ್ದರೆ ಎಂಜಿನ್ ತಾನಾಗಿ ಆರುವ ಸುರಕ್ಷತಾ ದಾರ ಎಲ್ಲ ದೋಣಿಗಳಲ್ಲೂ ಮೊದಲಿಂದ ಇತ್ತು, ಬಹುತೇಕ ಸ್ಟಿಯರಿಂಗಿಗೆ ಸುತ್ತಿಟ್ಟ ಸ್ಥಿತಿಯಲ್ಲಿ. ಈಗ ಅದನ್ನು ಚಾಲಕನ ಕಾಲಿಗೋ ಸೊಂಟಕ್ಕೋ ಸಿಕ್ಕಿಸಿ, ಒಮ್ಮೆ ಎಳೆದು ಎಂಜಿನ್ ಆರಿಸಿ ತೋರಿಸುತ್ತಾರೆ. ನೀರಿನಲ್ಲಿ ಯಾರಾದರೂ ಇದ್ದರೆ ಹತ್ತಿರ ಹೋಗುವ ಮೊದಲು ಇದೇ ದಾರ ಎಳೆಯಿರಿ ಎಂಬುದು ಆ ಪ್ರದರ್ಶನದ ಕೊನೆಯ ಮಾತು. ಸಹಿಯ ಕಾಗದ ಈಗಲೂ ಇದೆ, ವಿಮೆಯವರಿಗಾಗಿ.

ಇಂಧನ, ಕಳೆ

ಹಳೆಯ ಎರಡು-ಸ್ಟ್ರೋಕ್ ಕಾರ್ಬ್ಯುರೇಟರ್ ಎಂಜಿನ್ನುಗಳು ಕುಡಿದ ಇಂಧನದಲ್ಲಿ ಕಾಲುಭಾಗದಷ್ಟನ್ನು ಸುಡದೆಯೇ ನೀರಿಗೆ ಉಗುಳಬಲ್ಲವು. ಅಮೆರಿಕದ ತಾಹೋ ಸರೋವರದಲ್ಲಿ ಅವುಗಳನ್ನು 1999ರಲ್ಲೇ ನಿಷೇಧಿಸಿದ್ದು ಇದೇ ಕಾರಣಕ್ಕೆ. ಇಲ್ಲಿ ಬಾಡಿಗೆಯವರು ಉಳಿದಿದ್ದ ಅಂಥ ಎಂಜಿನ್ನುಗಳನ್ನು ನಾಲ್ಕು-ಸ್ಟ್ರೋಕಿಗೆ ಬದಲಾಯಿಸಿದರು. ಈ ಬಗ್ಗೆ ಯಾರೂ ಜಗಳವಾಡಲಿಲ್ಲ, ಇಂಧನದ ಉಳಿತಾಯ ಅವರದೇ.

ಕಳೆಯ ಕಥೆ ಅಷ್ಟು ಸಲೀಸಲ್ಲ. ಬೇರೆ ನೀರಿನಿಂದ ಬಂದ ದೋಣಿಯ ಪ್ರೊಪೆಲ್ಲರಿಗೆ ಸುತ್ತಿಕೊಂಡು ನೀರಗಿಡದ ತುಂಡು ಬಂದರೆ, ಆ ಒಂದು ತುಂಡಿನಿಂದಲೇ ಹೊಸ ಹಾಸು ಬೆಳೆಯಬಹುದು. ಉತ್ತರ ಅಮೆರಿಕದ ಮಹಾಸರೋವರಗಳ ಪ್ರದೇಶದಲ್ಲಿ 1988ರಲ್ಲಿ ಕಂಡ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಅಲ್ಲಿಂದ ಒಳನಾಡಿನ ಸರೋವರಗಳಿಗೆ ಹಬ್ಬಿದ್ದು ಬಹುಪಾಲು ಟ್ರೇಲರ್ ಮೇಲಿನ ದೋಣಿಗಳ ಸವಾರಿಯಲ್ಲೇ. ಅದರ ಮರಿಗಳು ಕಣ್ಣಿಗೆ ಕಾಣವು, ದೋಣಿಯ ತಳದಲ್ಲಿ ಉಳಿದ ನೀರೇ ಅವಕ್ಕೆ ಸಾಕು. ಸಮಿತಿ ಉತ್ಸಾಹದಿಂದ ತೊಳೆಯುವ ಜಾಗ ಕಟ್ಟಿಸಿತು, ಇಳಿಜಾರಿನ ಬುಡದಲ್ಲಿ. ತೊಳೆದ ನೀರು ನೇರ ಸರೋವರಕ್ಕೆ! ಮೊದಲ ಮಳೆಗಾಲ ಕಳೆದ ಮೇಲೆ ಒಬ್ಬರು ಇದನ್ನು ಗಮನಿಸಿದರು. ಈಗ ಅದು ದಿಬ್ಬದ ಮೇಲೆ, ಹುಲ್ಲಿನ ಇಂಗುಗುಂಡಿಯ ಪಕ್ಕದಲ್ಲಿದೆ. ತಳದ ಬಿರಡೆ ಬಿಚ್ಚಿ ನೀರು ಖಾಲಿ ಮಾಡುವುದು, ಗಿಡ ಕೀಳುವುದು, 60 ಡಿಗ್ರಿ ಬಿಸಿನೀರು ಹಾಯಿಸುವುದು, ಒಣಗಲು ಬಿಡುವುದು ಎಲ್ಲ ಅಲ್ಲೇ.

ಫಲ

ಹೊಸ ನಿಯಮದ ನಂತರ ತೋಳಿನ ನೀರು ವಾರಾಂತ್ಯದಲ್ಲೂ ತಿಳಿಯಾಗಿರುತ್ತದೆ, ಇದು ಯಾರೂ ಅಲ್ಲಗಳೆಯದ ಬದಲಾವಣೆ. ದಡದ ಅಂಚಿಗೆ ನೆಟ್ಟ ಗೂಟಗಳ ಪ್ರಕಾರ ಕುಸಿತ ಬಹಳ ನಿಧಾನವಾಗಿದೆ, ಒಂದು ತಿರುವಿನಲ್ಲಿ ಮಾತ್ರ ಇನ್ನೂ ನಡೆಯುತ್ತಿದೆ. ಅಲ್ಲಿ ಹಿಂದೆಯೇ ಜೊಂಡು ಕಿತ್ತು ಹುಲ್ಲುಹಾಸು ಮಾಡಿದ್ದರು; ಅಲೆಯನ್ನು ತಾಳಿಕೊಳ್ಳುವ ಬೇರುಗಳೇ ಅಲ್ಲಿಲ್ಲ. ಗುಳುಮುಳುಕಗಳು ಮುಂದಿನ ಋತುವಿನಲ್ಲಿ ಹೆಚ್ಚು ಮರಿ ಮಾಡಿದವು. ಹಕ್ಕಿಯ ಗುಂಪಿನ ಹಿರಿಯರೊಬ್ಬರು ಇದನ್ನು ನಿಯಮದ ಖಾತೆಗೆ ಪೂರ್ತಿ ಬರೆಯಲು ಒಪ್ಪುವುದಿಲ್ಲ. ಆ ವರ್ಷ ನೀರಿನ ಮಟ್ಟ ಏರಿಳಿಯದೆ ನಿಂತಿತ್ತು, ಅದೂ ಗೂಡಿಗೆ ಅನುಕೂಲವೇ ಎನ್ನುತ್ತಾರೆ. ಅವರ ಮಾತು ವರದಿಯಲ್ಲೂ ಸೇರಿದೆ.

ವಿಚಿತ್ರವೆಂದರೆ, 'ಸ್ವಲ್ಪದರಲ್ಲಿ ತಪ್ಪಿದ ಡಿಕ್ಕಿ'ಗಳ ವರದಿ ಹೆಚ್ಚಾಯಿತು. ಸದಸ್ಯರೊಬ್ಬರು ಇದನ್ನು ಸೋಲು ಎಂದರು. ನೋಡಿದರೆ, ಕಟ್ಟೆಯಲ್ಲಿ ಹೆಸರು ಬರೆಯದೆ ವರದಿ ಹಾಕುವ ಪೆಟ್ಟಿಗೆ ಇಟ್ಟದ್ದೇ ಆ ವರ್ಷ. ಮೊದಲು ಬಾಯಲ್ಲೇ ಕರಗಿಹೋಗುತ್ತಿದ್ದದ್ದು ಈಗ ಕಾಗದಕ್ಕೆ ಬರುತ್ತಿದೆ. ಆ ಚೀಟಿಗಳಿಂದಲೇ ತಿಳಿದದ್ದು, ಹೆಚ್ಚಿನವು ತೋಳು ಆಳದ ನೀರಿಗೆ ತೆರೆದುಕೊಳ್ಳುವ ಬಾಯಿಯಲ್ಲಿ ಆಗುತ್ತಿವೆ ಎಂದು. ವೇಗ ಏರಿಸುವವರೂ ಇಳಿಸುವವರೂ ಕಯಾಕಿನವರೂ ಒಂದೇ ಕಡೆ ಸೇರುವ ಜಾಗ ಅದು. ಒಳಬರುವ ದಾರಿ, ಹೊರಹೋಗುವ ದಾರಿ ಎಂದು ತೇಲುಗುರುತುಗಳನ್ನು ಬೇರ್ಪಡಿಸಿದರು, ಕಯಾಕಿಗೆ ದಡದ ಪಕ್ಕದಲ್ಲಿ ಪ್ರತ್ಯೇಕ ಓಣಿ ಕೊಟ್ಟರು.

ಮೆಕ್ಯಾನಿಕ್ ಈಗ ಸಮಿತಿಯ ಸದಸ್ಯರು, ಮತವೂ ಇದೆ.

ಸದ್ಯದ ವಿವಾದ ವಿದ್ಯುತ್ ದೋಣಿಗಳದ್ದು. ಹೊಗೆ ಇಲ್ಲ, ಎಣ್ಣೆ ಇಲ್ಲ, ಆದ್ದರಿಂದ ತೋಳಿನ ಮಿತಿಯಿಂದ ಅವಕ್ಕೆ ವಿನಾಯಿತಿ ಕೊಡಿ ಎಂದು ಮಾರಾಟಗಾರರೊಬ್ಬರ ಅರ್ಜಿ ಬಂದಿದೆ. ಪರಿಸರ ಉಪಸಮಿತಿಯ ಹಲವರು ಒಪ್ಪುವ ಮನಸ್ಸಿನಲ್ಲಿದ್ದರು. ಆದರೆ ಬ್ಯಾಟರಿಯ ಭಾರಕ್ಕೆ ಆ ದೋಣಿ ನೀರಿನಲ್ಲಿ ಇನ್ನೂ ಆಳಕ್ಕೆ ಕೂರುತ್ತದೆ, ಸದ್ದಿಲ್ಲದ್ದರಿಂದ ಹಿಂದಿನಿಂದ ಬಂದರೆ ಕಯಾಕಿನವರಿಗೆ ಕೇಳಿಸುವುದೂ ಇಲ್ಲ. ಅರ್ಜಿಯನ್ನು ತಿರಸ್ಕರಿಸಿಲ್ಲ, ಒಪ್ಪಿಯೂ ಇಲ್ಲ. ಮರಿಗಳು ಗೂಡು ಬಿಟ್ಟ ಮೇಲೆ ಮಾರಾಟಗಾರರು ತಮ್ಮ ದೋಣಿಯನ್ನು ನಾಲ್ವರನ್ನು ಕೂರಿಸಿಕೊಂಡು ತೋಳಿಗೆ ತರಬೇಕೆಂದೂ, ಕೋಲುಗಳನ್ನು ನೆಡುವ ಖರ್ಚು ಅವರದೇ ಎಂದೂ ಉತ್ತರ ಹೋಗಿದೆ.